ಜಗ್ಗಬ್ಯಾಡ್ರಿ, ಅದು ಕೈ, ಬಾವಿ ಹಗ್ಗ ಅಲ್ಲ

ಹೋದ ಸಲ ಕೆಂಪು ಖಾರದ ಬಗ್ಗೆ ಬರದಿದ್ದೆ, ಭಾಳ ಮಂದಿ ಛಲೋ ಆತು ಅಂದ್ರಿ. ಈ ಸಲ ಅಡಗಿ ಇಲ್ಲ. ಈ ಸಲ ನಾ ಜಗಳಾಡ್ಲಿಕ್ಕೆ ಬಂದೀನಿ. ಓದಿ ಯಾರಿಗರೆ ಸಿಟ್ಟು ಬಂದ್ರ ಬರ್ಲಿ.

ಮೊನ್ನೆ ರವಿವಾರ ನಮ್ಮ ಮನಿಗೆ ಒಬ್ರು ಹಿರಿಯರು ಬಂದಿದ್ರು. ಬೀಗರ ಕಡೆಯವ್ರು, ಕೆಟ್ಟ ಮನುಷ್ಯಾ ಅಲ್ಲ. ನಮ್ಮ ಮನಿಯವ್ರ ಬಲಗೈ ನೋಡಿದ್ರು. ಎದಿಗೆ ಹತ್ತಿ ಮಡಚಿಕೊಂಡದ, ಮುಷ್ಟಿ ಮುಚ್ಚಿದ, ಹೆಬ್ಬೆರಳು ಒಳಗ ಸಿಕ್ಕೊಂಡದ. 'ಹಿಂಗ ಬಿಟ್ರ ಹೆಂಗವಾ' ಅಂತ ಅಂದು, ಬೆರಳಿನ ತುದಿ ಹಿಡದು ಸಟ್ಟನ ಜಗ್ಗಿದ್ರು. ನಮ್ಮ ಮನಿಯವ್ರಿಗೆ ಮಾತು ಸರಿ ಬರೂದಿಲ್ಲ. ಮಾರಿ ಕಿವಚಿದ್ರು, ಅಷ್ಟ. ಮುಷ್ಟಿ ಮೊದಲಿಗಿಂತ ಗಟ್ಟಿ ಆತು, ಖುರ್ಚಿ ಮ್ಯಾಲಿನ ಕಾಲು ಗಡಗಡ ನಡಗಲಿಕ್ಕೆ ಹತ್ತಿತು. ಬಂದವ್ರು 'ನೋಡು, ಇನ್ನೂ ಎಷ್ಟು ಶಕ್ತಿ ಅದ' ಅಂತ ಖುಷಿ ಪಟ್ಟು ಇನ್ನೊಮ್ಮೆ ಜಗ್ಗಲಿಕ್ಕೆ ಹೋದ್ರು. ನಾ ಚಹಾದ ಕಪ್ಪು ಇಟ್ಟು, 'ಕಾಕಾ, ಕೈ ಬಿಡ್ರಿ' ಅಂದೆ. ಧ್ವನಿ ಸ್ವಲ್ಪ ಜೋರಾತು ಅಂತ ಕಾಣಸ್ತದ. ಚಹಾ ಅರ್ಧಾ ಬಿಟ್ಟು ಎದ್ದು ಹೋದ್ರು. ಈಗ ಬಳಗದಾಗ ಮಾತು ನಡದದ, ಆಕಿಗೆ ಸೊಕ್ಕು ಬಂದದ, ಗಂಡನ್ನ ಯಾರೂ ಮುಟ್ಟಬಾರದಂತ.

ಹೌದು. ಹಂಗ ಯಾರೂ ಮುಟ್ಟಬಾರದು. ನಾಲ್ಕು ವರ್ಷದಾಗ ನಾ ಕಲತದ್ದು ಇದೊಂದ ಮಾತು, ಅದೂ ಭಾಳ ದುಬಾರಿ ರೇಟಿಗೆ ಕಲತೀನಿ.

ನಾಲ್ಕು ವರ್ಷದ ಹಿಂದ ಇವ್ರು ಸಂಜಿ ಮುಂದ ಕಾಯಿಪಲ್ಯೆ ತರ್ಲಿಕ್ಕೆ ಸ್ಕೂಟರ್ ಮ್ಯಾಲ ಹೋದವ್ರು. ಎಮ್ಮಿ ಅಡ್ಡ ಬಂತು. ಹೆಲ್ಮೆಟ್ ಇತ್ತು, ಕಾಲಿನ ಹತ್ರ ಹುಕ್ಕಿಗೆ ಹಾಕಿದ್ರು. ಅದರ ಬಗ್ಗೆ ಬ್ಯಾರೆ ಜಗಳ ಅದ, ಇನ್ನೊಂದ್ ಸಲ. ತಲಿಯ ಎಡಭಾಗಕ್ಕ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿ, ಆಪರೇಶನ್ ಆಗಿ, ತಿಂಗಳ ಮ್ಯಾಲ ಖಬರ ಇಲ್ಲದ ಮಲಗಿದ್ರು. ಎಡ ಮಿದುಳಿಗೆ ಪೆಟ್ಟಾದ್ರ ಬಲಗಡೆ ಕೈಕಾಲು ಹೋಗ್ತಾವ, ಮಾತಿಗೂ ತ್ರಾಸ ಆಗ್ತದ. ಇದು ಅವಾಗ ನನಗ ಗೊತ್ತಿರಲಿಲ್ಲ.

ಮೊದಲ ಕೆಲವು ವಾರ ಬಲಗೈ ಒದ್ದಿ ಅರಬಿ ಹಂಗ ಜೋತು ಬಿದ್ದಿತ್ತು. ಎತ್ತಿ ಬಿಟ್ರ ಧಪ್ಪಂತ ಬೀಳೂದು. ಆಮ್ಯಾಲ ಒಂದಿನ ಮುಂಜಾನಿ ನೋಡ್ತೀವಿ, ಮೊಣಕೈ ತಾನ ಮಡಚಿತು, ಬೆರಳು ನನ್ನ ಬೆರಳನ್ನ ಗಪ್ಪಂತ ಹಿಡಕೊಂಡ್ವು. ನನ್ನ ಮೈದುನ ಓಡಿ ಹೋಗಿ ಪೇಡಾ ತಂದ. ವಾರ್ಡ್ ತುಂಬ ಹಂಚಿದ್ವಿ. ನರ್ಸ್ ಬಾಯಿಯವ್ರಿಗೆ ಕೊಟ್ವಿ, ಕಸಾ ಹೊಡಿಯೂವಾಕಿಗೆ ಕೊಟ್ವಿ, ತಿಂದ ಒಬ್ರೂ ನಮಗ ಹೇಳಲಿಲ್ಲ. ಅದು ಶಕ್ತಿ ಬಂದದ್ದಲ್ಲ. ಬಿಗಿತ ಶುರು ಆದದ್ದು. ಡಾಕ್ಟರ ಭಾಷಾದಾಗ ಸ್ಪಾಸ್ಟಿಸಿಟಿ. ಆ ಪೇಡಾ ನೆನಪಾದ್ರ ಇವತ್ತಿಗೂ ಹೊಟ್ಟ್ಯಾಗ ಒಂಥರಾ ಆಗ್ತದ.

ಇದೇನು ಅಂತ ನನಗ ತಿಳಿಸಿ ಹೇಳಿದಾಕಿ ಒಬ್ಬ ಫಿಸಿಯೋ ಹುಡುಗಿ, ನನ್ನ ಮಗಳ ವಯಸ್ಸಿನಾಕಿ, ಅದೂ ಮನಿಗೆ ಬಂದು ಏಳೆಂಟು ತಿಂಗಳಾದ ಮ್ಯಾಲ. ನಮ್ಮ ಎಲ್ಲಾರ ಸ್ನಾಯುವಿಗೂ ಒಂದು ಸ್ವಭಾವ ಅದ. ಸಟ್ಟನ ಜಗ್ಗಿದ್ರ ಅದು ತಿರುಗಿ ಬಿಗಿಯಾಗ್ತದ. ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗಿಲೆ ಹೊಡದ್ರ ಕಾಲು ಹಾರ್ತದಲ್ಲ, ಅದ. ಇದು ಬೆನ್ನುಹುರಿ ಮಟ್ಟದಾಗ ನಡಿಯೂ ಕೆಲಸ. ಆದ್ರ ಮ್ಯಾಲಿಂದ ಮಿದುಳು 'ಸಾಕು, ಇಷ್ಟು ಬ್ಯಾಡ' ಅಂತ ಹದ್ದಬಸ್ತಿನ್ಯಾಗ ಇಡ್ತದ. ಮಿದುಳಿಗೆ ಪೆಟ್ಟು ಬಿದ್ದು ಆ ದಾರಿ ಕೆಟ್ರ 'ಸಾಕು' ಅನ್ನೂವ್ರು ಇಲ್ಲ. ಹಿರಿಯರಿಲ್ಲದ ಮನಿ ಹಂಗ, ಸಣ್ಣ ಮಾತಿಗೂ ದೊಡ್ಡ ಗದ್ದಲ. ಅದಕ್ಕ ಎಷ್ಟು ಲಗೂ ಜಗ್ಗತೀರೋ ಅಷ್ಟು ಜೋರಲೆ ಅದು ವಾಪಸ್ ಜಗ್ಗತದ. ಕಾರಿನ್ಯಾಗಿನ ಬೆಲ್ಟ್ ನೋಡೀರಿಲ್ಲ? ಜೋರಲೆ ಜಗ್ಗಿದ್ರ ಕಚ್ಚಿ ನಿಲ್ತದ, ಸಾವಕಾಶ ಜಗ್ಗಿದ್ರ ಉದ್ದಕ್ಕ ಬರ್ತದ. ಆ ಹುಡುಗಿ ಹೇಳಿದ್ದು ಇಷ್ಟ. ಐದು ನಿಮಿಷದ ಮಾತು. ಈ ಐದು ನಿಮಿಷ ನಮಗ ದವಾಖಾನ್ಯಾಗ ಯಾರರೆ ಕೊಟ್ಟಿದ್ರ ಇವತ್ತ ಇವ್ರ ಮೊಣಕೈ ಬ್ಯಾರೆ ಇರ್ತಿತ್ತೋ ಏನೋ.

ಮೊಣಕೈ ಕಥಿ ಹೇಳಬೇಕು. ಹೇಳ್ಲಿಕ್ಕೆ ನನಗ ನಾಚಿಕಿ ಬರ್ತದ, ಆದ್ರೂ ಹೇಳ್ತೀನಿ, ಯಾಕಂದ್ರ ಇದರಾಗ ನಾನೂ ಅದೀನಿ.

ಡಿಸ್ಚಾರ್ಜ್ ದಿನ ಫೈಲು ಕೈಯಾಗ ಕೊಟ್ಟು 'ಫಿಸಿಯೋಥೆರಪಿ ಮಾಡಿಸ್ರಿ' ಅಂದ್ರು. ಯಾರ ಕಡೆ, ಹೆಂಗ, ದಿನಕ್ಕ ಎಷ್ಟು, ನಾ ಏನ ಮಾಡಬೇಕು, ಒಂದೂ ಇಲ್ಲ. ಮನಿಗೆ ಬಂದ ಮ್ಯಾಲ ಬಳಗದವ್ರೊಬ್ರು ಒಬ್ಬ ಮಾಲೀಶ್ ಮಾಡಾಂವನ್ನ ಕರಕೊಂಡು ಬಂದ್ರು. ಪೈಲವಾನ್ ಆಳು. ಎಂಥೆಂಥಾ ಪಾರ್ಶ್ವವಾಯು ಎಬ್ಬಿಸೀನಿ ಅಂದ. ಬಿಸಿ ಎಣ್ಣಿ ಹಚ್ಚಿ ತಿಕ್ಕಿದ, ಅದು ತಪ್ಪಲ್ಲ, ಬೆಚ್ಚಗ ಆದ್ರ ಇವ್ರಿಗೆ ಸಮಾಧಾನ ಆಗ್ತದ. ಆಮ್ಯಾಲ ಮೊಣಕೈ ನೆಟ್ಟಗ ಮಾಡ್ತೀನಿ ಅಂತ ಮೊಣಕಾಲು ಊರಿ ಜಗ್ಗಿದ. 'ಅಕ್ಕಾರ, ಭುಜ ಗಟ್ಟಿ ಹಿಡೀರಿ' ಅಂದ. ನಾ ಹಿಡದೆ. ಇವ್ರು ಒದರಿದ್ರು. ಮಾತು ಬರ್ತಿದ್ದಿಲ್ಲ, ಒದರೂದು ಬರ್ತಿತ್ತು. ನಾ ಮತ್ತೂ ಗಟ್ಟಿ ಹಿಡದೆ. ಛಲೋದಕ್ಕ ಅಂತ ತಿಳಕೊಂಡು ಹನ್ನೊಂದು ದಿನ ಹಿಡದೆ.

ಹನ್ನೆರಡನೇ ದಿನ ಮೊಣಕೈ ಬಾತು ಕೆಂಪಾಗಿ ಬಿಸಿ ಹತ್ತಿತ್ತು. ಎಕ್ಸ್‌ರೇ ತಗಿಸಿದ್ರ ಕೀಲಿನ ಸುತ್ತ ಹೊಸಾ ಎಲುಬು ಬೆಳೀಲಿಕ್ಕತ್ತದ ಅಂದ್ರು. ತಲಿಗೆ ದೊಡ್ಡ ಪೆಟ್ಟಾದ ಕೆಲವು ಮಂದಿಗೆ ಸ್ನಾಯುವಿನ್ಯಾಗ, ಕೀಲಿನ ಹತ್ರ, ಎಲುಬು ಇರಬಾರದ ಜಾಗಾದಾಗ ಎಲುಬು ಬೆಳೀತದಂತ. ಟೊಂಕದ ಕೀಲಿನ್ಯಾಗ, ಮೊಣಕೈಯಾಗ, ಭುಜದಾಗ, ಮೊಣಕಾಲಿನ್ಯಾಗ. 'ಜಗ್ಗಿದ್ದಕ್ಕ ಆತೇನ್ರೀ' ಅಂತ ಕೇಳಿದೆ. ಡಾಕ್ಟರ್ ಒಳ್ಳೆಯವ್ರು, 'ಅದು ಮೊದ್ಲ ಶುರು ಆಗಿರಬಹುದು, ಹಂಗ ಹೇಳ್ಲಿಕ್ಕೆ ಬರೂದಿಲ್ಲ, ಆದ್ರ ಜೋರು ಮಾಡಿ ಜಗ್ಗೂದು ಪೂರಾ ತಪ್ಪು' ಅಂದ್ರು. ಇವತ್ತಿಗೂ ಆ ಮೊಣಕೈ ಅರ್ಧಕ್ಕ ನಿಲ್ತದ. ಅಂಗಿ ತೋಳು ಹಾಕೂವಾಗ ದಿನಾ ಮುಂಜಾನಿ ನನಗ ಆ ಹನ್ನೊಂದು ದಿನ ನೆನಪಾಗ್ತಾವ.

ಅದಕ್ಕ ಮೊನ್ನೆ ನನ್ನ ಧ್ವನಿ ಜೋರಾತು.

ಎರಡನೇ ಜಗಳ, 'ಮನಸ್ಸು ಮಾಡಬೇಕು' ಅನ್ನೂವ್ರ ಜೊತಿಗೆ. ಮೊಬೈಲ್‌ನ್ಯಾಗ ವಿಡಿಯೋ ಕಳಸ್ತಾರ, ಯಾರೋ ಒಬ್ಬಾಂವ ಬಿದ್ದವ ಎದ್ದು ಓಡ್ಯಾನ. 'ಅಣ್ಣಾಗ ಛಲ ಇಲ್ಲ ವೈನಿ, ನೀವು ಭಾಳ ಮೆತ್ತಗ ಇಟ್ಟೀರಿ' ಅಂತ ಮೈದುನ ಹೇಳ್ತಿದ್ದ. ಛಲ ಅಂದ್ರೇನು ಅಂತ ನಾ ನೋಡೀನಿ. ಇವ್ರು ಎದ್ದು ನಿಲ್ಲಲಿಕ್ಕೆ ಹಲ್ಲು ಕಚ್ಚಿ ಪ್ರಯತ್ನ ಮಾಡಿದಾಗ ಬಲಗೈ ತಾನ ಮ್ಯಾಲ ಏರಿ ಎದಿಗೆ ಹತ್ತತದ. ಹೆಚ್ಚು ಜೋರು ಹಾಕಿದಷ್ಟೂ ಹೆಚ್ಚು ಬಿಗೀತದ. ಸಿಟ್ಟು ಬಂದ್ರ ಬಿಗೀತದ, ನಕ್ಕರೂ ಬಿಗೀತದ, ಹೆದರಿದ್ರೂ ಬಿಗೀತದ. ಆಕಳಿಸಿದ್ರ ಕೈ ಮ್ಯಾಲ ಹೋಗ್ತದ. ಮೊದಲನೇ ಸಲ ಹಂಗಾದಾಗ ನಮ್ಮ ಅತ್ತಿಯವ್ರು 'ನನ್ನ ಕರೀಲಿಕ್ಕತ್ಯಾನ' ಅಂತ ಹತ್ರ ಓಡಿ ಹೋಗಿದ್ರು, ಪಾಪ. ಇದು ಅವ್ರ ಹಟಾನೂ ಅಲ್ಲ, ಆಲಸ್ಯಾನೂ ಅಲ್ಲ. ಮನಸ್ಸಿನ ಮಾತು ಕೈಗೆ ಹೋಗೂ ತಂತೀನ ಹರದದ. 'ಛಲ ಇಲ್ಲ' ಅನ್ನೂವ್ರು ಒಂದ ಕೆಲಸ ಮಾಡ್ರಿ, ಕಾಲಿಗೆ ಮೀನಖಂಡ ಹಿಡದಾಗ ಛಲದಿಂದ ಬಿಡಿಸಿಕೊಂಡು ತೋರಸ್ರಿ.

ಹಂಗಂತ ಏನೂ ಮಾಡದ ಬಿಟ್ಟುಬಿಡ್ರಿ ಅಂತ ನಾ ಹೇಳ್ಲಿಕ್ಕತ್ತಿಲ್ಲ. ಇದನ್ನ ತಪ್ಪು ತಿಳಕೋಬ್ಯಾಡ್ರಿ. ಮಡಚಿದ ಕೈ ಮಡಚೇ ಇದ್ರ ಸ್ನಾಯುನ ಗಿಡ್ಡ ಆಗಿ ಹೋಗ್ತದ, ಕೀಲು ಹಿಡಕೋತದ. ಮೊದಲು ಬರೇ ನರದ ಬಿಗಿತ ಇದ್ದದ್ದು ಆಮ್ಯಾಲ ನಿಜವಾಗ್ಲೂ ಅಳತಿ ಕಡಿಮಿ ಆದ ಅರಬಿ ಹಂಗ ಆಗ್ತದ. ಅದಕ್ಕ ದಿನಾ ಮಾಡಬೇಕು, ಆದ್ರ ಸಾವಕಾಶ ಮಾಡಬೇಕು. ಇದರಾಗ ನನ್ನ ಗುರು ಯಾರು ಹೇಳ್ರಿ, ಎಂಬತ್ತು ದಾಟಿದ ನಮ್ಮ ಅತ್ತಿಯವ್ರು. ಮಾಲೀಶ್‌ನವನ್ನ ಬಿಡಿಸಿದ ಮ್ಯಾಲ ಸಂಜಿ ದೀಪಾ ಹಚ್ಚಿ ಅವ್ರು ಮಗನ ಹತ್ರ ಕೂಡ್ತಿದ್ರು. ಆ ಮುಷ್ಟಿನ್ನ ತಮ್ಮ ಎರಡೂ ಕೈಯಾಗ ಸುಮ್ಮನ ಹಿಡಕೊಂಡು, ಊರಿನ ಸುದ್ದಿ, ಯಾರ ಮದವಿ, ಯಾರ ಹೊಲದಾಗ ಕಡ್ಲಿ ಹೆಂಗ ಬಂದದ, ಅಂತ ಹೇಳಕೋತ ಕೂಡೂದು. ಜಗ್ಗೂದಿಲ್ಲ, ತಿಕ್ಕೂದಿಲ್ಲ. ಹತ್ತು ಹದಿನೈದು ನಿಮಿಷಕ್ಕ ಕೈ ತಾನ ಸಡಿಲ ಆಗಿ ಹೆಬ್ಬೆರಳು ಹೊರಗ ಬರ್ತಿತ್ತು. ಪೈಲವಾನ್ ಹನ್ನೊಂದು ದಿನಕ್ಕ ಮಾಡದ್ದು ಮುದುಕಿ ಕಡ್ಲಿ ಸುದ್ದಿ ಹೇಳಕೋತ ಮಾಡಿದ್ರು. ಫಿಸಿಯೋ ಹುಡುಗಿ ಅದನ್ನ ನೋಡಿ, 'ಅಜ್ಜಿಗೆ ಯಾರು ಕಲಿಸಿದ್ರು?' ಅಂತ ಕೇಳಿದ್ಲು.

ಮುಷ್ಟಿ ತಗಿಯೂದಕ್ಕೂ ಒಂದು ಹಾದಿ ಅದ. ಬೆರಳಿನ ತುದಿ ಹಿಡದು ಮ್ಯಾಲ ಎತ್ತಬಾರದು. ಮೊದಲು ಮಣಿಕಟ್ಟನ್ನ ಸಾವಕಾಶ ಒಳಗ, ಕೆಳಗ ಬಗ್ಗಸ್ರಿ. ಬೆರಳು ಮಡಚೂ ನರಹಗ್ಗ ಮುಂಗೈಯಿಂದ ಮಣಿಕಟ್ಟು ದಾಟಿ ಬರ್ತಾವ, ಮಣಿಕಟ್ಟು ಬಗ್ಗಿದ್ರ ಅವು ಸಡಿಲ ಆಗ್ತಾವ, ಬೆರಳು ತಾವ ಬಿಚ್ಚತಾವ. ಆಮ್ಯಾಲ ಹೆಬ್ಬೆರಳನ್ನ ತುದಿಗಲ್ಲ, ಬುಡಕ್ಕ ಹಿಡದು ಹೊರಗ ತರಬೇಕು. ಇಷ್ಟು ಮಾಡಿದ್ರ ಅಂಗೈ ತೊಳೀಲಿಕ್ಕೆ ಬರ್ತದ. ಅಂಗೈ ತೊಳಿಯೂದು ಸಣ್ಣ ಮಾತಲ್ರಿ. ಮುಚ್ಚಿದ ಮುಷ್ಟಿಯಾಗ ಬೆವತು ವಾಸನಿ ಬರ್ತದ, ಚರ್ಮ ಬೆಳ್ಳಗಾಗಿ ಸುಲೀತದ, ಉಗುರು ಅಂಗೈಗೆ ಚುಚ್ಚಿ ಹುಣ್ಣಾಗ್ತದ. ಉಗುರು ಬಿಸಿನೀರಿನ ಸ್ನಾನಾದ ಮ್ಯಾಲ ತಗದ್ರ ಹಗರ ಆಗ್ತದ. ತೊಳದು, ಬೆರಳಿನ ಸಂದಿ ಒಣಗಿಸಿ, ಹಳೇ ಮೆತ್ತನ ಧೋತರದ ಸುರಳಿ ಇಡ್ರಿ. ಅಂಗೈಗೆ ಸ್ಪ್ಲಿಂಟ್ ಮಾಡಿಸಿದ್ರ ಅದರ ಕೆಳಗ ಕೆಂಪು ಗೆರಿ ಬಿದ್ದಾವೇನು ಅಂತ ತಗದಾಗೊಮ್ಮೆ ನೋಡ್ರಿ.

ಇಲ್ಲಿಗೆ ಬಂತು ನೋಡ್ರಿ ಬಾಲ್ ವಿಷಯ. ಬಂದವ್ರೆಲ್ಲ ಒಂದೊಂದು ಹಳದಿ ನಗೂ ಮಾರಿ ಬಾಲ್ ತರ್ತಾರ. 'ಇದನ್ನ ಒತ್ತಿಸ್ರಿ, ಕೈಗೆ ಶಕ್ತಿ ಬರ್ತದ.' ಅಯ್ಯೋ, ಆ ಕೈಗೆ ಮುಚ್ಚೂ ಶಕ್ತಿಗೆ ಏನ ಕೊರತಿ ಅದ? ಮುಚ್ಚಿದ್ದು ಬಿಚ್ಚೂದಿಲ್ಲ ಅನ್ನೂದ ರೋಗ. ಬಿಚ್ಚಲಾರದ ಕೈಗೆ ಒತ್ತಲಿಕ್ಕೆ ಬಾಲ್ ಕೊಡೂದು, ನಿದ್ದಿಯಾಗಿಂದ ಏಳಲಾರದವಗ ಜೋಗುಳ ಹಾಡಿದಂಗ.

ಮುಂದಿನ ಜಗಳ, 'ಬಿಗಿತ ಹೆಚ್ಚಾತು, ಗುಳಿಗಿ ಹೆಚ್ಚು ಮಾಡ್ರಿ' ಅನ್ನೂವ್ರ ಜೊತಿಗೆ. ಹೋದ ವರ್ಷ ಚಳಿಗಾಲದಾಗ ಒಂದ ರಾತ್ರಿ ಇವ್ರ ಎರಡೂ ಕಾಲು ಕತ್ರಿ ಹಂಗ ಒಂದರ ಮ್ಯಾಲ ಒಂದು ಹತ್ತಿ ಕೂತ್ವು. ಡೈಪರ್ ಬದಲಿ ಮಾಡ್ಲಿಕ್ಕೆ ತೊಡಿ ಬಿಚ್ಚಲಿಲ್ಲ. ಬೆವರು, ನರಳಾಟ. ಊರ ಮಂದಿ ಎಲ್ಲಾರೂ ಗುಳಿಗಿ, ಇಂಜೆಕ್ಷನ್ ಅಂದ್ರು. ನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿದೆ. ನಾಲ್ಕು ದಿನಾತು, ಸಂಡಾಸ ಆಗಿಲ್ಲ. ಅದಕ್ಕ ಔಷಧ ಹಾಕಿ ಹೊಟ್ಟಿ ಖಾಲಿ ಆತು, ಮರುದಿನ ಮುಂಜಾನಿ ಕಾಲು ಬಿಟ್ವು. ಇನ್ನೊಂದ್ ಸಲ ಹಿಂಗ ಆದಾಗ ಮೂತ್ರದಾಗ ಸೋಂಕು ಇತ್ತು, ಜ್ವರ ಆಮ್ಯಾಲ ಬಂತು, ಬಿಗಿತ ಮೊದಲು ಬಂತು. ಮತ್ತೊಂದ್ ಸಲ ನೋಡಿದ್ರ ಕಾಲಿನ ಹೆಬ್ಬೆರಳಿನ ಉಗುರು ಮಾಂಸದಾಗ ಇಳದು ಕೀವಾಗಿತ್ತು. ಮಾತು ಬರಲಾರದ ಮನುಷ್ಯಾ ನೋವು ಹೆಂಗ ಹೇಳಬೇಕು? ಬಿಗಿತನ ಹೇಳ್ತದ. ಹಾಸಿಗಿ ಮ್ಯಾಲ ಚಾದರದ ಸುಕ್ಕು, ಬಿಗಿ ಲಾಡಿ, ಮಡಚಿದ ಮೂತ್ರದ ಪೈಪು, ಬೆನ್ನ ಹಿಂದ ಶುರು ಆಗೂ ಹುಣ್ಣು, ಥಂಡಿ ಗಾಳಿ, ಯಾವುದಕ್ಕೂ ಬಿಗಿಯಾಗ್ತದ. ಒಮ್ಮಿಂದೊಮ್ಮೆ ಹೆಚ್ಚಾತು ಅಂದ್ರ ತಲಿಯಿಂದ ಕಾಲಿನವರೆಗೆ ಮೈ ನೋಡ್ರಿ, ಸಂಡಾಸದ ಲೆಕ್ಕ ನೋಡ್ರಿ, ಆಮ್ಯಾಲ ಡಾಕ್ಟರಿಗೆ ಫೋನ್ ಹಚ್ಚಿ ನೋಡಿದ್ದನ್ನ ಹೇಳ್ರಿ. ನಾ ಕ್ಯಾಲೆಂಡರ್ ಮ್ಯಾಲ ಸಂಡಾಸ ಆದ ದಿನಕ್ಕ ಒಂದು ಚುಕ್ಕಿ ಇಡ್ತೀನಿ. ಹಾಲಿನ ಲೆಕ್ಕದ ಬಾಜೂಕ್ಕ. ಮಗಳಿಗೆ ನಗು ಬರ್ತದ, ಆದ್ರ ಆ ಚುಕ್ಕಿ ಎಷ್ಟು ಸಲ ನಮ್ಮನ್ನ ಉಳಿಸ್ಯಾವ.

ಗುಳಿಗಿ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡ್ತೀನಿ. ಇವ್ರು ತಗೊಳ್ಳೂದು ಬ್ಯಾಕ್ಲೋಫೆನ್. ಅದು ನಿದ್ದಿ ತರಸ್ತದ, ಸುಸ್ತು ಮಾಡ್ತದ, ಹೌದು. ಅದಕ್ಕ ಬಳಗದಾಗ ಒಬ್ರು 'ಇಂಗ್ಲಿಷ್ ಔಷಧ ಬಿಡಸ್ರಿ, ಮಂಪರು ಕಡಿಮಿ ಆಗ್ತದ' ಅಂತ ಬೆನ್ನು ಹತ್ತಿದ್ರು. ನಾ ಬಿಡಸಲಿಲ್ಲ, ಆದ್ರ ಒಂದ ದೀಪಾವಳಿ ಹಬ್ಬದಾಗ ಗುಳಿಗಿ ಮುಗದು, ಸಿಗೂ ಅಂಗಡಿ ಮುಚ್ಚಿ, ಎರಡು ದಿನ ತಪ್ಪಿತು. ಎರಡ ದಿನ. ಮೂರನೇ ದಿನ ಮೈಯೆಲ್ಲ ಕಟ್ಟಿಗಿ ಆತು, ಜ್ವರ ಬಂತು, ಗ್ವಾಡಿ ಮ್ಯಾಲ ಏನೋ ನೋಡಿ ಹೆದರಲಿಕ್ಕೆ ಹತ್ತಿದ್ರು. ಎಮರ್ಜೆನ್ಸಿಗೆ ಒಯ್ದ್ವಿ. ಭಾಳ ದಿನ ತಗೊಂಡ ಈ ಗುಳಿಗಿ ಒಮ್ಮೆಲೆ ನಿಲ್ಲಿಸಿದ್ರ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೂ ಕುತ್ತು ಅಂತ ಅಲ್ಲಿ ಹೇಳಿದ್ರು. ಬಿಡೂದಿದ್ರೂ ಡಾಕ್ಟರು ಹೇಳಿದಂಗ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ಕೋತನ ಬಿಡಬೇಕು. ಚೀಟಿ ಮ್ಯಾಲ 'ದಿನಕ್ಕ ಮೂರು' ಅಂತ ಬರಿಯೂವ್ರು ಬಾಜೂಕ್ಕ 'ಒಮ್ಮೆಲೆ ನಿಲ್ಲಿಸಬ್ಯಾಡ್ರಿ' ಅಂತ ಕನ್ನಡದಾಗ ಎರಡು ಶಬ್ದ ಬರದ್ರ ಪೆನ್ನಿನ ಮಸಿ ಎಷ್ಟು ಖರ್ಚಾಗ್ತದ? ಈಗ ನಮ್ಮ ಮನ್ಯಾಗ ಹದಿನೈದು ದಿನದ ಗುಳಿಗಿ ಯಾವಾಗ್ಲೂ ಹೆಚ್ಚಿಗಿ ಇರ್ತಾವ, ಸಾಸವಿ ಜೀರಗಿ ಡಬ್ಬಿ ಹಂಗ.

ಗುಳಿಗಿ ಹೆಚ್ಚಾದ್ರೂ ತ್ರಾಸ. ಒಮ್ಮೆ ಪ್ರಮಾಣ ಏರಿಸಿದಾಗ ಕಾಲು ಮೆತ್ತಗಾತು, ನಮಗ ಖುಷಿ. ಎಬ್ಬಿಸಿ ನಿಲ್ಲಿಸಿದ್ರ ಮೊಣಕಾಲು ಕುಸದು ಇಬ್ರೂ ಬಿದ್ವಿ. ಆ ಬಿಗಿ ಕಾಲ ಇಷ್ಟು ದಿನ ಕಂಬ ಆಗಿತ್ತು ಅಂತ ಅವಾಗ ಗೊತ್ತಾತು. ಬಿಗಿತ ಪೂರಾ ವೈರಿ ಅಲ್ಲ. ಎಷ್ಟು ಬೇಕು ಎಷ್ಟು ಬ್ಯಾಡ ಅಂತ ಹೇಳೂವ್ರು ದಿನಾ ಎಬ್ಬಿಸೂವ್ರು, ಕೂಡಸೂವ್ರು. ಆದ್ರ ತಪಾಸಣಿ ಕೋಣ್ಯಾಗ ನನ್ನನ್ನ ಕೇಳೂದು 'ಹೆಂಗದಾರ?' ಅಷ್ಟ. ಅಷ್ಟರಾಗ ಡಾಕ್ಟರ್ ಕೈ ಹಿಡದು ಒಂದೆರಡ್ ಸಲ ಮಡಚಿ ಬಿಚ್ಚಿ ಸೊನ್ನಿಯಿಂದ ನಾಲ್ಕರೊಳಗ ಒಂದು ಮಾರ್ಕು ಬರೀತಾರ. ಅಶ್ವರ್ತ್ ಮಾಪನ ಅಂತಾರ ಅದಕ್ಕ, ಬಿಗಿತದ ಅಳತಿ. ಅಳೀಬಾರದಂತ ಅಲ್ಲ. ಮಾರ್ಕು ಮೂರರಿಂದ ಎರಡಕ್ಕ ಇಳದ್ರ ಫೈಲಿನ್ಯಾಗ ಸುಧಾರಣಿ. ನನ್ನ ಲೆಕ್ಕ ಬ್ಯಾರೆ. ಕಂಕಳ ತೊಳೀಲಿಕ್ಕೆ ಬಂತೇನು? ಅಂಗಿ ಹಾಕಲಿಕ್ಕೆ ಹತ್ತು ನಿಮಿಷ ಹಿಡೀತೋ ಇಪ್ಪತ್ತೋ? ರಾತ್ರಿ ಎಷ್ಟ್ ಸಲ ಎಚ್ಚರಾದ್ರು? ಕೂತಲ್ಲೆ ಜಾರೂದು ಕಡಿಮಿ ಆತೇನು? ಇದನ್ನ ಕೇಳೂ ಕಾಲಂ ಆ ಫೈಲಿನ್ಯಾಗ ಇಲ್ಲ.

ಬೊಟುಲಿನಂ ಇಂಜೆಕ್ಷನ್ ಎರಡು ಸಲ ಕೊಡಿಸೀವಿ, ಮುಂಗೈಗೆ ಮತ್ತ ಮೀನಖಂಡಕ್ಕ. ಉಪಯೋಗ ಆತು, ಸುಳ್ಳು ಯಾಕ ಹೇಳ್ಲಿ. ಕೊಟ್ಟ ಕೆಲವು ದಿನಕ್ಕ ಶುರು ಆಗಿ, ಹೆಚ್ಚು ಕಡಿಮಿ ಮೂರು ತಿಂಗಳು ಇರ್ತದ, ಆಮ್ಯಾಲ ಇಳೀತದ. ಆ ಮೂರು ತಿಂಗಳು ಸ್ಪ್ಲಿಂಟು, ಕೂಡೂ ರೀತಿ, ನಿಲ್ಲೂ ಅಭ್ಯಾಸ ಎಲ್ಲಾ ಮಾಡಿಕೋಬೇಕು, ಬರೇ ಸೂಜಿ ಚುಚ್ಚಿಸಿ ಮಲಗಿದ್ರ ರೊಕ್ಕ ನೀರಿಗೆ ಹಾಕಿದಂಗ. ಮೊದಲನೇ ಸಲ ನಮಗ ಇದನ್ನ ಯಾರೂ ಹೇಳಲಿಲ್ಲ, ಎರಡು ತಿಂಗಳು ಸುಮ್ಮನ 'ಆರಾಮಾತು' ಅಂತ ಕೂತ್ವಿ. ಅದರ ರೊಕ್ಕ ಕೂಡಸಲಿಕ್ಕೆ ನನ್ನ ಎರಡು ಬಳಿ ಹೋಗ್ಯಾವ. ವಿಮಾದವ್ರು ರಾತ್ರಿ ದವಾಖಾನ್ಯಾಗ ಮಲಗಿಲ್ಲ ಅಂತ ಬಿಲ್ಲು ವಾಪಸ್ ಕಳಸಿದ್ರು.

ಸರಕಾರದ ಕಡೆ ಹೋದ್ರ ಅದೊಂದು ಕಥಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಾಗ 21 ನಮೂನಿ ಬರದಾರ. ಅದಕ್ಕ ಮೊದಲು 7 ಇದ್ವು, ಅಷ್ಟರ ಮಟ್ಟಿಗೆ ಛಲೋನ. ಆದ್ರ ತಲಿಗೆ ಪೆಟ್ಟು ಬಿದ್ದು ಮಿದುಳು ಕೆಟ್ಟವ್ರಿಗೆ ಅಂತ ಅದರಾಗ ಬ್ಯಾರೆ ಹೆಸರಿಲ್ಲ. ಕೈಕಾಲಿನ ಲೆಕ್ಕದಾಗ ಇಷ್ಟು, ಮಾತಿನ ಲೆಕ್ಕದಾಗ ಇಷ್ಟು ಅಂತ ತುಂಡು ತುಂಡು ಮಾಡಿ ಕೂಡಿಸಿ ಸರ್ಟಿಫಿಕೇಟ್ ಮಾಡ್ತಾರ. ಎದುರಿಗೆ ಕೂತ ಮನುಷ್ಯಾ ಮಾತ್ರ ಒಬ್ಬಾಂವ.

ನನ್ನ ದೊಡ್ಡ ಜಗಳ ದವಾಖಾನಿಗಳ ಜೊತಿಗೇ. ಜೀವಾ ಉಳಿಸಿದ್ರಿ, ಕೈ ಮುಗೀತೀನಿ, ಅದರಾಗ ಎರಡು ಮಾತಿಲ್ಲ. ಆದ್ರ ಉಳಿಸಿದ ಜೀವಾನ್ನ ಮನಿಗೆ ಕಳಸೂವಾಗ ಅದನ್ನ ನೋಡಿಕೊಳ್ಳೂವಾಕಿಗೆ ಒಂದ ತಾಸು ಕಲಸಲಿಲ್ಲ. ಮಿಕ್ಸರ್ ತಗೊಂಡ್ರ ಅಂಗಡಿಯಾಂವ ಹಚ್ಚಿ ತೋರಿಸಿ ಕೊಡ್ತಾನ. ಗಂಡನ್ನ ಸ್ಟ್ರೆಚರ್ ಮ್ಯಾಲ ಕೊಟ್ಟು 'ಫಿಸಿಯೋ ಮಾಡಿಸ್ರಿ' ಅಂದ್ರೆಂಗ? ಫಿಸಿಯೋ ಹುಡುಗಿ ವಾರಕ್ಕ ಮೂರು ದಿನ, ದಿನಕ್ಕ ಮುಕ್ಕಾಲು ತಾಸು ಬರ್ತಾಳ. ಉಳದ ಹೊತ್ತೆಲ್ಲ ಯಾರ ಕೈಯಾಗ ಇರ್ತಾರ? ಆಕಿನ ನನಗ ಹೇಳಿದ್ಲು, ದಿನಾ ಸ್ವಲ್ಪ ಹೊತ್ತು ಜಗ್ಗೂ ವ್ಯಾಯಾಮದಿಂದಷ್ಟ ಕೀಲು ಸಡಿಲ ಆಗ್ತದ ಅಂತ ತಿಳಕೋಬ್ಯಾಡ್ರಿ, ಅಧ್ಯಯನ ಮಾಡಿ ನೋಡಿದವ್ರಿಗೂ ಅದರಿಂದ ದೊಡ್ಡ ಫರಕು ಕಂಡಿಲ್ಲ, ಇಡೀ ದಿನ ಹೆಂಗ ಮಲಗಸ್ತೀರಿ, ಹೆಂಗ ಕೂಡಸ್ತೀರಿ, ಹೆಂಗ ಮುಟ್ಟತೀರಿ ಅದನ್ನ ನೋಡಿಕೋರಿ ಅಂತ. ಹಂಗಾರ ಇಡೀ ದಿನದ ಕೆಲಸ ಮಾಡಾಕಿಗೆ ಕಲಸಬೇಕೋ ಬ್ಯಾಡೋ?

ಕಲಸೂದು ಏನು ರಾಕೆಟ್ ಬಿಡೂ ವಿದ್ಯೆ ಅಲ್ಲ. ಒಂದ ಮಗ್ಗಲಕ್ಕ ಮಲಗಿಸಿದಾಗ ಎರಡೂ ಮೊಣಕಾಲಿನ ನಡಕ ದಿಂಬು ಇಡಬೇಕು, ಕೌದಿ ಮಡಚಿ ಇಟ್ರೂ ನಡೀತದ. ಬಿಗಿ ಕೈ ಮೈ ಕೆಳಗ ಸಿಗಬಾರದು, ಮುಂದ ದಿಂಬಿನ ಮ್ಯಾಲ ಇಡಬೇಕು. ಭುಜ ಎಬ್ಬಿಸೂವಾಗ ಕೈ ಹಿಡದು ಎತ್ತಬಾರದು, ಭುಜದ ಹಿಂದ ಕೈ ಹಾಕಬೇಕು. ಅಂಗಿ ಹಾಕೂವಾಗ ಮೊದಲು ಬಿಗಿ ಕೈ, ತಗಿಯೂವಾಗ ಕಡೀಕ ಬಿಗಿ ಕೈ. ಗಾಲಿ ಖುರ್ಚಿಯಾಗ ಬರೇ ಪಾದದ ಮುಂಭಾಗ ಊರಿದ್ರ ಕಾಲು ನಡಗತದ, ಹಿಮ್ಮಡಿ ಪೂರಾ ಊರಿಸಿ ಮೊಣಕಾಲಿನ ಮ್ಯಾಲ ಅಂಗೈಲೆ ಸಾವಕಾಶ ಕೆಳಗ ಒತ್ತಿ ಹಿಡದ್ರ ನಿಲ್ತದ. ಮುಟ್ಟೂ ಮೊದಲು 'ಈಗ ಕೈ ಎತ್ತತೀನ್ರಿ' ಅಂತ ಹೇಳಿ ಮುಟ್ಟಬೇಕು, ಬೆಚ್ಚಿದ್ರ ಬಿಗಿಯಾಗ್ತದ. ಥಂಡಿ ಕೈಲೆ ಮುಟ್ಟಬಾರದು. ಇದಿಷ್ಟು ಕಲಸಲಿಕ್ಕೆ ಎಷ್ಟು ಹೊತ್ತು ಬೇಕು? ವಾರ್ಡಿನ್ಯಾಗ ನಾ ತಿಂಗಳಗಟ್ಟಲೆ ಸ್ಟೂಲ್ ಮ್ಯಾಲ ಖಾಲಿ ಕೂತಿದ್ದೆ. ಗೋಡಿ ನೋಡಕೋತ ಕೂತಿದ್ದೆ. 'ಬಾ ಇಲ್ಲೆ, ಈ ಕೈ ಹಿಡಿ, ನಿನ್ನ ಕೈಲೆ ಮಾಡಿ ತೋರಸು' ಅಂತ ಒಬ್ರು ಅಂದಿದ್ರ ನಾ ಪಿಯುಸಿ ಓದಿದಾಕಿ, ಕಲೀತಿದ್ದೆ. ಪಿಯುಸಿ ಓದದ್ದಿದ್ರೂ ಕಲೀತಿದ್ದೆ. ನಮ್ಮ ಅತ್ತಿ ಸಾಲಿ ಮಾರಿನ ನೋಡಿಲ್ಲ.

ಮತ್ತ ಒಂದು ಮಾತು ಗಂಡಸರಿಗೆ. ಸಲಹಾ ಕೊಡೂವ್ರು ನೀವು, ಮಾಲೀಶ್‌ನವನ್ನ ಕರಕೊಂಡು ಬರೂವ್ರು ನೀವು, ಗುಳಿಗಿ ಬಿಡಸ್ರಿ ಅನ್ನೂವ್ರು ನೀವು. ರಾತ್ರಿ ಎರಡಕ್ಕ ಎದ್ದು ಮಗ್ಗಲ ಬದಲಿ ಮಾಡೂವ್ರು ಯಾರೂ ಅಲ್ಲ. ನನ್ನ ಮೈದುನ ಈಗ ಬದಲಾಗ್ಯಾನ, ಅದನ್ನೂ ಹೇಳಬೇಕು. ನನಗ ಟೊಂಕ ಹಿಡದು ಎಂಟು ದಿನ ಬಿದ್ದಾಗ ಆಂವ ಮಲಗಿದ್ದ ಅಣ್ಣನ ಹತ್ರ. ಮೂರನೇ ದಿನ ಮುಂಜಾನಿ ಅಡಗಿ ಮನಿ ಬಾಗಲದಾಗ ಬಂದು ನಿಂತು, 'ವೈನಿ, ಅಣ್ಣಾ ಹಟ ಮಾಡೂದಲ್ಲ ಅದು' ಅಂದ. ನಾ ಏನೂ ಅನ್ನಲಿಲ್ಲ, ಚಹಾ ಕೊಟ್ಟೆ. ಆಮ್ಯಾಲಿಂದ ವಿಡಿಯೋ ಕಳಸೂದು ಬಂದ್ ಆಗ್ಯಾವ, ರವಿವಾರ ರಾತ್ರಿ ಆಂವನ ಮಲಗತಾನ.

ಇವ್ರನ್ನ ನೋಡ್ಲಿಕ್ಕೆ ಬರ್ರಿ. ಬರಬ್ಯಾಡ್ರಿ ಅಂತ ನಾ ಎಂದೂ ಅಂದಿಲ್ಲ, ಮಂದಿ ಬಂದ್ರ ಅವ್ರಿಗೆ ಖುಷಿ ಆಗ್ತದ, ಕಣ್ಣಾಗ ಕಾಣಸ್ತದ. ಐದು ಗಂಟೆ ಮ್ಯಾಲ ಬರ್ರಿ, ಅಷ್ಟೊತ್ತಿಗೆ ಸಂಜಿ ಗುಳಿಗಿ ಆಗಿರ್ತದ. ಎದುರಿಗೆ ಕೂತು ಅವ್ರ ಜೊತಿ ಮಾತಾಡ್ರಿ, ಅವ್ರ ಬಗ್ಗೆ ನನ್ನ ಜೊತಿ ಅಲ್ಲ. ಎಡಗೈ ಹಿಡೀರಿ, ಅದು ಛಲೋ ಅದ, ಅವ್ರೂ ಹಿಡೀತಾರ. ಬಲಗೈ ಹಿಡೀಬೇಕು ಅನ್ನಿಸಿದ್ರ ಅತ್ತಿಯವ್ರು ಬಾಜೂಕ್ಕ ಕೂತಿರ್ತಾರ, ಹೆಂಗ ಅಂತ ಅವ್ರನ್ನ ಕೇಳ್ರಿ. ಕಾಕಾಗೂ ಫೋನ್ ಹಚ್ಚಿ ಹೇಳೀನಿ, ಬಂದು ಅರ್ಧಾ ಬಿಟ್ಟ ಚಹಾ ಪೂರಾ ಕುಡದು ಹೋಗ್ರಿ ಅಂತ.

ಬರೂವಾಗ ಬಾಲ್ ಮಾತ್ರ ತರಬ್ಯಾಡ್ರಿ. ಮನ್ಯಾಗ ಈಗ ಏಳು ಅವ. ಸಣ್ಣ ಮಕ್ಕಳಿದ್ದವ್ರು ಬೇಕಾದ್ರ ಒಯ್ಯಿರಿ.